ಎರಡನೇ ಗೇಟಿನ ಸೈರನ್

ನನ್ನ ಯಜಮಾನರು ಏಕಾಂತಪ್ಪನವರು ಭದ್ರಾವತಿಯನ್ನು ದಿನವೂ ನಿದ್ದೆಯಿಂದ ಎಬ್ಬಿಸುತ್ತಿದ್ದವರು. ಇದು ನನ್ನ ಮಾತಲ್ಲ, ಅವರದು. ಅಲ್ಲಿನ ಕಬ್ಬಿಣದ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಅವರ ಕೆಲಸಗಳಲ್ಲಿ ಎರಡನೇ ಗೇಟಿನ ಸೈರನ್ನಿನ ಗುಂಡಿ ಒತ್ತುವುದೂ ಒಂದು. ಉಳಿದ ಕೆಲಸಗಳು ಯಾವುವೆಂದು ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ಕಾರ್ಖಾನೆ ಮುಚ್ಚಿತು, ನಾವು ಶಿವಮೊಗ್ಗದ ವಿನೋಬನಗರಕ್ಕೆ ಬಂದೆವು. ಯಜಮಾನರು ನಿವೃತ್ತರಾದರೂ ಅವರ ಬಲಗೈ ಹೆಬ್ಬೆರಳು ನಿವೃತ್ತವಾಗಲಿಲ್ಲ. ಈಗಲೂ ಮಿಕ್ಸಿಯ ಗುಂಡಿ ಒತ್ತುವ ಮೊದಲು ಕೈಗಡಿಯಾರ ನೋಡಿಕೊಳ್ಳುತ್ತಾರೆ.

ಇಂಥವರನ್ನು ವಾರ್ಡ್ ಸಮಿತಿಗೆ ಸೇರಿಸಿಕೊಳ್ಳಬಾರದಿತ್ತು.

ನಮ್ಮ ಅಡ್ಡರಸ್ತೆ ಸವಳಂಗ ರಸ್ತೆಗೆ ಸೇರುವ ಕಡೆ ಸಾಲಾಗಿ ಅಂಗಡಿಗಳಿವೆ. ಬೇಸಿಗೆಯಲ್ಲಿ ಅಲ್ಲೇ ಬೈಕಿನಲ್ಲಿ ಬಂದ ಯಾರೋ ಎದುರು ಮನೆಯ ಈಶ್ವರಮ್ಮನವರ ಸರ ಕಿತ್ತುಕೊಂಡು ಹೋದರು. ಅದು ಚಿನ್ನದ್ದಲ್ಲ ಎನ್ನುವುದು ಈಶ್ವರಮ್ಮನವರಿಗೂ ನನಗೂ, ಈ ಹೊತ್ತಿಗೆ ಆ ಕಳ್ಳನಿಗೂ ಮಾತ್ರ ಗೊತ್ತು. ಬಡಾವಣೆಗೆ ಮಾತ್ರ ಅದು ಚಿನ್ನವೇ. ಸಂಜೆಯಾದ ಮೇಲೆ ಅಂಗಡಿ ಮುಂದೆ ಜನ ಸೇರುವುದರಿಂದಲೇ ಇದೆಲ್ಲ ಆಗುತ್ತಿದೆ, ಬೇಗ ಬಾಗಿಲು ಹಾಕಿಸಬೇಕು ಎಂದು ಮನೆಯವರ ಪಕ್ಷ ಅರ್ಜಿ ಕೊಟ್ಟಿತು. ಹಾಗೆ ಮಾಡಿದರೆ ನಾವು ಬದುಕುವುದು ಹೇಗೆ ಎಂದು ಅಂಗಡಿಯವರ ಪಕ್ಷ ಇನ್ನೊಂದು ಅರ್ಜಿ ಕೊಟ್ಟಿತು. ಎರಡನ್ನೂ ಒಟ್ಟಿಗೆ ವಿಚಾರಿಸಲು ಪಾಲಿಕೆಯಿಂದ ದುಶ್ಯಂತ್ ಎಂಬ ಹೊಸ ಅಧಿಕಾರಿ ವಾರ್ಡ್ ಸಮಿತಿಯ ಸಭೆಗೆ ಬಂದರು. ಯಜಮಾನರ ಜೊತೆ ನಾನೂ ಹೋಗಿದ್ದೆ.

ದುಶ್ಯಂತ್ ಅವರಿಗೆ ‘ಸಮತೋಲನ’ ಎಂಬ ಮಾತೆಂದರೆ ಬಹಳ ಪ್ರೀತಿ. ಅದನ್ನು ಹೇಳುವಾಗ ಎರಡೂ ಅಂಗೈಗಳನ್ನು ತಕ್ಕಡಿಯ ತಟ್ಟೆಗಳಂತೆ ಎತ್ತಿ ಹಿಡಿಯುತ್ತಿದ್ದರು.

“ನೋಡಿ, ಒಂದು ಕಡೆ ಸಾರ್ವಜನಿಕ ಸುರಕ್ಷತೆ,” ಎಂದು ಎಡಗೈ ಎತ್ತಿದರು. “ಇನ್ನೊಂದು ಕಡೆ ಆರ್ಥಿಕ ಅಭಿವೃದ್ಧಿ.” ಬಲಗೈಯಲ್ಲಿ ಮೆಣಸಿನಕಾಯಿ ಬಜ್ಜಿಯ ತಟ್ಟೆಯಿದ್ದುದರಿಂದ ಆರ್ಥಿಕ ಅಭಿವೃದ್ಧಿ ತುಸು ಕೆಳಗೆ ಬಂದಿತ್ತು.

ಹಿಟ್ಟಿನ ಗಿರಣಿಯ ಭೈರಪ್ಪನವರು ಎದ್ದರು. ಗಿರಣಿ ಸಂಜೆಗೇ ಮುಚ್ಚುವುದರಿಂದ ಅವರು ಮನೆಯವರ ಪಕ್ಷದಲ್ಲಿದ್ದರು. “ಎಂಟಕ್ಕೆಲ್ಲ ಬಂದ್ ಮಾಡ್ಸಿ ಸಾರ್. ಜನ ಸೇರಿದ ಕಡೆ ಕಳ್ಳರೂ ಸೇರ್ತಾರೆ.”

“ಎಂಟಕ್ಕೆ ಬಂದ್ ಮಾಡಿದ್ರೆ ಉಳಿದ ಬನ್ನೆಲ್ಲ ನೀವೇ ತಿನ್ಬೇಕಾಗುತ್ತೆ ಭೈರಪ್ಪನೋರೆ,” ಎಂದ ಬೇಕರಿಯ ಯೋಗರಾಜ್. “ನಿಮಗೆ ಶುಗರ್ ಬೇರೆ.”

ದುಶ್ಯಂತ್ ಒಂದು ಬಜ್ಜಿ ಮುಗಿಸಿ ಯೋಚಿಸಿದರು. “ಮೊದಲ ಹಂತವಾಗಿ ತಳ್ಳುಗಾಡಿಗಳನ್ನ ತೆಗೆಸೋಣ. ಅಂಗಡಿಗಾದ್ರೆ ಶಟರ್ ಇರುತ್ತೆ, ಎಳೆಸಬಹುದು. ಗಾಡಿಗೆ ಶಟರೇ ಇಲ್ಲ. ಮುಚ್ಚಿದೆ ಅಂತ ಹೇಗೆ ನಂಬೋದು?”

ಆ ರಸ್ತೆಯಲ್ಲಿದ್ದ ಗಾಡಿ ಒಂದೇ. ಅದು ಚಿನ್ನಮ್ಮನದು. ಅಧಿಕಾರಿಯ ಕೈಯಲ್ಲಿದ್ದ ಬಜ್ಜಿಯೂ ಅದೇ ಗಾಡಿಯದು. ಖಾಲಿ ತಟ್ಟೆ ವಾಪಸು ಒಯ್ಯಲೆಂದು ಅವಳು ಬಾಗಿಲಲ್ಲೇ ನಿಂತಿದ್ದಳು.

ಚಿನ್ನಮ್ಮನ ಗಂಡ ಹುಲಿಯಪ್ಪ ಅದೇ ಕಾರ್ಖಾನೆಯ ಕುಲುಮೆಯಲ್ಲಿ ಕೆಲಸಕ್ಕಿದ್ದವನು. ಅದು ಮುಚ್ಚಿದ ಮೇಲೆ ಅವಳು ದಿನವೂ ಮಧ್ಯಾಹ್ನ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು ದೋಸೆ, ಬಜ್ಜಿ ಮಾಡಿ ಮಾರಿ, ಕೊನೆಯ ಬಸ್ಸಿಗೆ ಹಿಂತಿರುಗುತ್ತಿದ್ದಳು. ಮಗಳು ಇಂಪನಾಳ ನರ್ಸಿಂಗ್ ಓದು ನಿಂತಿದ್ದುದೇ ಆ ದೋಸೆ ಕಾವಲಿಯ ಮೇಲೆ. ಹುಲಿಯಪ್ಪ ಮಾತ್ರ ಗಾಡಿಯ ಹತ್ತಿರವೂ ಸುಳಿದವನಲ್ಲ. ಕರಗಿದ ಕಬ್ಬಿಣದ ಮುಂದೆ ನಿಂತವನು ದೋಸೆಯ ಮುಂದೆ ನಿಲ್ಲುವುದಿಲ್ಲ ಎನ್ನುವುದು ಅವನ ವಾದ.

ಚಿನ್ನಮ್ಮ ನನ್ನ ಮುಖ ನೋಡಿದಳು. ನಾನು ಯಜಮಾನರ ಮುಖ ನೋಡಿದೆ. ನೋಡಬಾರದಿತ್ತು. ಅವರು ಎದ್ದು ನಿಂತರು.

“ಸೈರನ್,” ಎಂದರು.

ಸಭೆಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಭದ್ರಾವತಿಯಲ್ಲಿ ಸಾವಿರಾರು ಜನರನ್ನು ಒಂದು ಸೈರನ್ ಒಳಗೆ ಕರೆಯುತ್ತಿತ್ತು, ಹೊರಗೆ ಕಳಿಸುತ್ತಿತ್ತು. ಹತ್ತು ಗಂಟೆಯವರೆಗೆ ವ್ಯಾಪಾರ ನಡೆಯಲಿ. ಹತ್ತಕ್ಕೆ ಸೈರನ್ ಆಗಲಿ. ಸೈರನ್ ಆದೊಡನೆ ಎಲ್ಲ ಮುಚ್ಚಲಿ. ಜಗಳವಿಲ್ಲ, ಪೊಲೀಸರು ಬೇಡ. ಸೈರನ್ ತರುವ ಜವಾಬ್ದಾರಿ ತಮ್ಮದು, ಒತ್ತುವ ಜವಾಬ್ದಾರಿಯೂ ತಮ್ಮದೇ.

ದುಶ್ಯಂತ್ ಅವರ ಎರಡೂ ಅಂಗೈಗಳು ಒಂದೇ ಮಟ್ಟಕ್ಕೆ ಬಂದವು. “ಇದು ಸಮತೋಲನ,” ಎಂದರು. “ಒಂದು ಪ್ರಯೋಗ ಮಾಡಿ ನೋಡೋಣ. ಆದ್ರೆ ಸೈರನ್ ಆದ್ಮೇಲೂ ಒಂದೇ ಒಂದು ಅಂಗಡಿ ತೆರೆದಿದ್ರೂ ಗಾಡಿ ಎತ್ತಂಗಡಿ.”

“ಯಾರ ಅಂಗಡಿ ತೆರೆದಿದ್ರೂ ನನ್ ಗಾಡಿನೇ ಯಾಕೆ ಸಾರ್?” ಎಂದಳು ಚಿನ್ನಮ್ಮ.

“ಸಮತೋಲನ ಅಂದ್ರೆ ಅದೇ ಕಣಮ್ಮ.”

*

ಮುಂದಿನ ಭಾನುವಾರ ಯಜಮಾನರೂ ನಾನೂ ಭದ್ರಾವತಿಯ ಮಲ್ಲಿಕ್‌ನ ಗುಜರಿ ಅಂಗಡಿಗೆ ಹೋದೆವು. ನಾನು ಹೋಗಬೇಕಾಗಿರಲಿಲ್ಲ. ಆದರೆ ಯಜಮಾನರು ಒಬ್ಬರೇ ಹೋದಾಗ ಏನಾದೀತೆಂದು ಮನೆಯಲ್ಲಿ ಕೂತು ಹೆದರುವುದಕ್ಕಿಂತ ಎದುರಿಗೇ ನಿಂತು ಹೆದರುವುದು ನನಗೆ ಸುಲಭ.

ತುಕ್ಕು ಹಿಡಿದ ಪೈಪುಗಳ ಹಿಂದೆ, ಮುರಿದ ಕುರ್ಚಿಗಳ ಕೆಳಗೆ, ಕಾರ್ಖಾನೆಯಿಂದ ಗುಜರಿಗೆ ಬಂದಿದ್ದ ಎರಡನೇ ಗೇಟಿನ ಸೈರನ್ ಬಿದ್ದಿತ್ತು. ಯಜಮಾನರು ಅದನ್ನು ನೋಡಿದ ರೀತಿಯನ್ನು ಹೆಂಡತಿಯಾದ ನಾನು ಗಮನಿಸದೆ ಇರುವುದೇ ಮೇಲಾಗಿತ್ತು.

“ನಡೀತದಾ ಇದು?” ಎಂದು ಕೇಳಿದೆ.

“ಮಾಲು ಪಕ್ಕಾ ಇದೆ ಅಕ್ಕಾ. ಬೇಕಾದ್ರೆ ಚೆಕ್ ಮಾಡ್ಕೊಳ್ಳಿ,” ಎಂದು ಮಲ್ಲಿಕ್ ತಂತಿ ಜೋಡಿಸಿದ.

ಯಜಮಾನರು ಕೈಗಡಿಯಾರ ನೋಡಿ ಗುಂಡಿ ಒತ್ತಿದರು.

ಅದರ ಕೂಗು ಮೊದಲು ಕೆಳಗಿನಿಂದ ಗೊಣಗುತ್ತ ಎದ್ದು, ಏರುತ್ತ ಏರುತ್ತ ಊರಿನ ಮೇಲೆಲ್ಲ ಹರಡಿಕೊಂಡಿತು. ಹೆಬ್ಬೆರಳು ತೆಗೆದ ಮೇಲೂ ತುಸು ಹೊತ್ತು ನಿಲ್ಲಲಿಲ್ಲ. ಆಮೇಲೆ ಬೀದಿಯ ಬಾಗಿಲುಗಳು ತೆರೆದವು. ಎದುರು ಮನೆಯಿಂದ ಬನಿಯನ್ನಿನಲ್ಲಿದ್ದ ಒಬ್ಬ ಮುದುಕ ಅಂಗಿ ಹಾಕಿಕೊಳ್ಳುತ್ತಲೇ ಹೊರಬಂದ. ಇನ್ನೊಬ್ಬನ ತಲೆಯ ಮೇಲೆ ಹಳದಿ ಹೆಲ್ಮೆಟ್ ಇತ್ತು. ಒಬ್ಬಾಕೆ ಓಡಿ ಬಂದು ಗಂಡನ ಕೈಗೆ ಊಟದ ಕ್ಯಾರಿಯರ್ ಕೊಟ್ಟಳು. ಅದರಲ್ಲಿ ಊಟವಿತ್ತೋ ಇಲ್ಲವೋ, ಅವನು ತೆಗೆದು ನೋಡಲಿಲ್ಲ. ಗುಜರಿ ಅಂಗಡಿಯ ಮುಂದೆ ಸಾಲು ನಿಂತಿತು. ಯಾರೂ ಯಾರಿಗೂ ಹೇಳದೆ ತಾನಾಗಿಯೇ ನಿಂತ ಸಾಲು.

“ಎನ್ನ ಸಾರ್, ಫ್ಯಾಕ್ಟರಿ ತೆರೆದ್ರಾ?” ಎಂದ ಹೆಲ್ಮೆಟ್ಟಿನವನು, ತಮಿಳು ಬೆರೆಸಿ.

“ಯಾವ ಶಿಫ್ಟಿಂದು ಸಾರ್ ಇದು?” ಎಂದವನು ಹುಲಿಯಪ್ಪ. ಆತುರದಲ್ಲಿ ಅಂಗಿಯ ಗುಂಡಿಗಳನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡಿದ್ದ.

ಸುಳ್ಳು ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ನಮ್ಮ ಯಜಮಾನರ ಜೀವಮಾನದಲ್ಲಿ ಬಂದಿರಲಿಲ್ಲ. ಆದರೂ ಅವರು ನಿಜ ಹೇಳಿದರು. “ಇಲ್ಲಪ್ಪ. ಶಿವಮೊಗ್ಗದಲ್ಲಿ ಬೇಕರಿ ಮುಚ್ಚಿಸೋಕೆ.”

ಇಡೀ ಸಾಲು ಯಜಮಾನರನ್ನೇ ದಿಟ್ಟಿಸಿತು. ನಾನು ಬಸ್‌ಸ್ಟ್ಯಾಂಡ್ ಯಾವ ದಿಕ್ಕಿಗಿದೆ, ಓಡಿದರೆ ಎಷ್ಟು ದೂರ ಎಂದು ಅಂದಾಜು ಮಾಡಿಕೊಂಡೆ. ಕೊನೆಗೆ ಕ್ಯಾರಿಯರ್ ಹಿಡಿದವನು ಮೆಲ್ಲಗೆ ಕೇಳಿದ.

“ಇನ್ನೊಂದ್ಸಲ ಒತ್ತಿ ಸಾರ್.”

ಒತ್ತಿದರು. ಮೊದಲ ಸಲ ಬಾರದೆ ಇದ್ದವರೂ ಬಂದರು.

ಲಗೇಜ್ ಆಟೋದಲ್ಲಿ ಸೈರನ್ನಿನ ಪಕ್ಕ ಹುಲಿಯಪ್ಪನೂ ಹತ್ತಿ ಕೂತ. ಹೆಂಡತಿ ಜೊತೆ ಒಂದು ದಿನವೂ ಶಿವಮೊಗ್ಗಕ್ಕೆ ಬಾರದಿದ್ದವನು. ಕೇಳಿದ್ದಕ್ಕೆ, “ಅದರ ಜೊತೆ ಯಾರಾದ್ರೂ ಇರ್ಬೇಕಲ್ಲಕ್ಕಾ,” ಎಂದ.

ದಾರಿಯಲ್ಲಿ ನಾನು ಯಜಮಾನರಿಗೆ ಹೇಳಿದೆ. “ರೀ, ಭದ್ರಾವತಿಯೋರಿಗೆ ಸೈರನ್ ಅಂದ್ರೆ ಕೆಲಸ. ಶಿವಮೊಗ್ಗದೋರಿಗೆ ಹಾಗಲ್ಲ. ಮಳೆಗಾಲದಲ್ಲಿ ಸೈರನ್ ಆದ್ರೆ ಗಾಜನೂರಲ್ಲಿ ಡ್ಯಾಮ್ ಗೇಟ್ ತೆಗೆದ್ರು ಅಂತಾನೇ ತಿಳ್ಕೋತಾರೆ. ಹೊಳೆ ಬಂತು ಅಂತಾರೆ.”

“ಹೊಳೆ ಎಲ್ಲಿ, ವಿನೋಬನಗರ ಎಲ್ಲಿ. ನೀನು ಕಾಲೇಜಲ್ಲಿ ಭೂಗೋಳ ಓದಿದೋಳು.”

“ನಾನು ಓದೀನಿ. ಹೆದರಿದವರು ಭೂಗೋಳ ನೋಡ್ತಾರಾ?”

ಅವರಿಗೆ ಕೇಳಿಸಲಿಲ್ಲ. ಸೈರನ್ನಿನ ಧೂಳು ಒರೆಸುತ್ತಿದ್ದರು.

*

ಗಿರಣಿಗೆ ದೊಡ್ಡ ಕರೆಂಟಿನ ಸಂಪರ್ಕವಿದ್ದುದರಿಂದ ಸೈರನ್ ಭೈರಪ್ಪನವರ ತಾರಸಿ ಏರಿತು. ರಾತ್ರಿ ಹತ್ತಕ್ಕೆ ತಾವು ಊಟ ಮಾಡಿ ಮಲಗಿರುತ್ತೇವೆಂದು ದುಶ್ಯಂತ್ ಪ್ರಯೋಗವನ್ನು ಸಂಜೆಗೇ ಇಟ್ಟುಕೊಂಡರು. ಮೇಲಿನ ಸೀಮೆಯಲ್ಲಿ ಆ ವಾರವೆಲ್ಲ ಮಳೆ. ಹೊಳೆದಂಡೆಯವರು ಎಚ್ಚರದಿಂದಿರಬೇಕೆಂದು ಟಿವಿಯಲ್ಲಿ ಬೆಳಿಗ್ಗೆಯಿಂದ ಬರುತ್ತಿತ್ತು. ನಾನು ಅಧಿಕಾರಿಗೆ ಕೈಮುಗಿದು ಕೇಳಿಕೊಂಡೆ.

“ಸಾರ್, ಮೊದಲು ಆಟೋದಲ್ಲಿ ಮೈಕ್ ಕಟ್ಟಿ ಒಂದು ಸಲ ಹೇಳಿಸಿಬಿಡಿ.”

“ಮೊದಲೇ ಹೇಳಿದ್ರೆ ಪರಿಣಾಮ ಹೇಗೆ ಗೊತ್ತಾಗುತ್ತೆ ಮೇಡಂ?” ಎಂದ ದುಶ್ಯಂತ್, ತಮ್ಮ ಫೋನನ್ನೇ ನನ್ನ ಕೈಗಿತ್ತರು. “ನೀವು ಮೇಲಿಂದ ವಿಡಿಯೋ ಮಾಡಿ. ನಾನು ಬೇಕರಿ ಮುಂದೆ ನಿಂತು ವೀಕ್ಷಣೆ ಮಾಡ್ತೀನಿ.”

ಕೆಳಗೆ ಚಿನ್ನಮ್ಮ ದೋಸೆ ಹುಯ್ಯುತ್ತಿದ್ದಳು. ಹುಲಿಯಪ್ಪ ಗಿರಣಿಯ ಮೆಟ್ಟಿಲ ಮೇಲೆ ಗಾಡಿಗೆ ಬೆನ್ನು ಹಾಕಿ ಕೂತಿದ್ದ. ಯಜಮಾನರು ಕೈಗಡಿಯಾರ ನೋಡಿ ಒತ್ತಿದರು.

ಒಂದು ಕ್ಷಣ ಸವಳಂಗ ರಸ್ತೆ ಇದ್ದ ಹಾಗೇ ನಿಂತಿತು. ಬೇಕರಿಯಲ್ಲಿ ಒಬ್ಬನ ಬಾಯಿಯ ಹತ್ತಿರ ಹೋಗಿದ್ದ ಪಫ್ ಅಲ್ಲೇ ನಿಂತಿತು. ಆಮೇಲೆ ಎಲ್ಲಿಂದಲೋ ಒಂದು ದನಿ ಬಂತು.

“ಗಾಜನೂರಲ್ಲಿ ಗೇಟ್ ತೆಗೆದ್ರು.”

ಅಷ್ಟೇ. ಯೋಗರಾಜ್ ಬನ್ನಿನ ಟ್ರೇ ತಲೆಯ ಮೇಲಿಟ್ಟುಕೊಂಡು ಓಡಿದ. ಕ್ಷೌರದಂಗಡಿಯಿಂದ ಅರ್ಧ ಗಡ್ಡದವನೊಬ್ಬ ಬಿಳಿ ಬಟ್ಟೆ ಹಾರಾಡಿಸುತ್ತ ಓಡಿದ, ಹಿಂದೆಯೇ ಕತ್ತರಿ ಹಿಡಿದು ಅಂಗಡಿಯವನೂ ಓಡಿದ. ಬೈಕುಗಳು, ಕಾರುಗಳು ಒಂದೇ ದಿಕ್ಕಿಗೆ ನುಗ್ಗಿ ಒಂದೂ ಮುಂದೆ ಹೋಗದಂತೆ ನಿಂತವು. ಓಡುತ್ತಿದ್ದವರು ಓಡುತ್ತಲೇ ಹೊಳೆದಂಡೆಯ ನೆಂಟರಿಗೆ ಫೋನು ಮಾಡಿದರು. ವಿನೋಬನಗರಕ್ಕೇ ನೀರು ಬಂತೆಂದು ಕೇಳಿ, ಹೊಳೆಯ ಪಕ್ಕದಲ್ಲೇ ಒಣಗಿ ಕೂತಿದ್ದ ಆ ನೆಂಟರು ಹೌಹಾರಿದರು.

“ರೀ, ನಿಲ್ಲಿಸಿ,” ಎಂದೆ.

“ನಿಲ್ತಿಲ್ಲ ಕಣೇ,” ಎಂದರು ಯಜಮಾನರು. ಗುಂಡಿ ಒಳಗೆ ಸಿಕ್ಕಿಕೊಂಡಿತ್ತು. ಹೆಬ್ಬೆರಳಿನಿಂದ ಅದನ್ನು ಮೀಟುತ್ತಿದ್ದರು, ಸೈರನ್ ಇನ್ನೂ ಜೋರಾಗಿ ಕೂಗುತ್ತಿತ್ತು.

ಅಷ್ಟರಲ್ಲಿ ನಮ್ಮ ಅತ್ತೆ ಸುಭದ್ರಮ್ಮನವರು ಮನೆಯಿಂದ ಉಪ್ಪಿನಕಾಯಿ ಜಾಡಿ ತಬ್ಬಿಕೊಂಡು ಗಿರಣಿಯ ತಾರಸಿಗೆ ಹತ್ತಿ ಬಂದರು. ಮಂಡಿನೋವಿನಿಂದ ಬಚ್ಚಲಿಗೆ ಹೋಗಲೂ ನನ್ನ ಹೆಗಲು ಬೇಕು ಎನ್ನುತ್ತಿದ್ದವರು ಅವರೇ.

“ಮಾರಾಯ್ತಿ, ಮನೇಲಿ ಅಕ್ಕಿ ಮೂಟೆ ನೆಲದ ಮೇಲೇ ಇದೆ. ನೀನಿಲ್ಲಿ ಸಿನಿಮಾ ತೆಗೀತಾ ನಿಂತಿದೀಯಲ್ಲ.”

“ಅತ್ತೇ, ನೀರು ಬಂದಿಲ್ಲ. ಸೈರನ್ ಊದಿದ್ದು ನಿಮ್ಮ ಮಗ.”

“ಪಾಪ, ಎಲ್ಲರಿಗೂ ತಿಳಿಸ್ಲಿ ಅಂತ ಊದಿರ್ತಾನೆ,” ಎಂದು ಜಾಡಿಯ ಮೇಲೆ ಸೆರಗು ಹೊದಿಸಿದರು.

ನಾನು ಕೆಳಗೋಡಿ ಗಿರಣಿಯ ಮೇನ್ ಸ್ವಿಚ್ ಎಳೆದೆ. ಸೈರನ್ ಗೊಣಗುತ್ತ ಇಳಿದು ನಿಂತಿತು. ಹೊರಗೆ ಬಂದು ನೋಡಿದರೆ ನಮ್ಮ ಸಾಲಿನಲ್ಲಿ ಒಬ್ಬ ಅಂಗಡಿಯವನೂ ಇಲ್ಲ. ಆದರೆ ಅಷ್ಟೂ ಅಂಗಡಿಗಳ ಶಟರು ಕೆಳಗಿತ್ತು. ಓಡಿದವರಲ್ಲಿ ಒಬ್ಬರೂ ಶಟರ್ ಎಳೆದುದನ್ನು ನಾನು ಕಂಡಿರಲಿಲ್ಲ. ರಸ್ತೆಯ ಕೊನೆಯಲ್ಲಿ ಚಿನ್ನಮ್ಮ, ಹುಲಿಯಪ್ಪ ಇಬ್ಬರೇ ಕೈ ಒರೆಸಿಕೊಳ್ಳುತ್ತ ನಿಂತಿದ್ದರು.

ದುಶ್ಯಂತ್ ಎಲ್ಲಿಯೂ ಇರಲಿಲ್ಲ.

ನನ್ನ ಕೈಯಲ್ಲಿದ್ದ ಅವರ ಫೋನು ಬಡಿದುಕೊಂಡಿತು. ‘ಮನೆ’ ಎಂದಿತ್ತು. ಎತ್ತಿದೆ.

“ಎಲ್ಲಿದೀರಿ? ವಿನೋಬನಗರ ಮುಳುಗಿದೆ ಅಂತಿದಾರೆ,” ಎಂದಿತು ಗಾಬರಿಯ ಹೆಣ್ಣುದನಿ.

ನಾನು ಮಾತನ್ನು ಅಳೆದು ಆಡುವವಳು. ಗೊತ್ತಿಲ್ಲದ್ದನ್ನು ಹೇಳಬಾರದು, ಗೊತ್ತಿರುವುದನ್ನು ಮುಚ್ಚಿಡಬಾರದು. “ನೋಡಿ, ಸಾಹೇಬರು ಸ್ವಲ್ಪ ಹೊತ್ತಿನ ಮುಂಚೆವರೆಗೂ ಇಲ್ಲೇ ಇದ್ದರು,” ಎಂದೆ. ಆ ಕಡೆಯಿಂದ ಅಳು ಶುರುವಾಯಿತು.

*

ಇನ್‌ಸ್ಪೆಕ್ಟರ್ ರಶ್ಮಿ ಜೀಪಿನಿಂದ ಇಳಿಯುವ ಹೊತ್ತಿಗೆ ಓಡಿದವರೆಲ್ಲ ಒಬ್ಬೊಬ್ಬರಾಗಿ ಹಿಂತಿರುಗುತ್ತಿದ್ದರು. ಒಣ ಕಾಲುಗಳಲ್ಲಿ ಹಿಂತಿರುಗಬೇಕಾದ ಸಿಟ್ಟು ಅವರ ಮುಖಗಳಲ್ಲಿತ್ತು.

“ಯಾರ್ರೀ ಸೈರನ್ ಊದಿದ್ದು?”

ಯಜಮಾನರು ಕೈ ಎತ್ತಲಿಲ್ಲ, ಹೆಬ್ಬೆರಳು ಎತ್ತಿದರು.

“ಕರೆಂಟ್ ಯಾರದು?”

“ಕರೆಂಟ್ ಮಾತ್ರ ನಂದು ಮೇಡಂ,” ಎಂದರು ಭೈರಪ್ಪ. “ಸದ್ದು ಅವರದು.”

“ಅನುಮತಿ ಕೊಟ್ಟಿದ್ದು?”

“ದುಶ್ಯಂತ್ ಸಾಹೇಬರು,” ಎಂದರು ಯಜಮಾನರು. “ಅವರು ಕಾಣ್ತಿಲ್ಲ.”

“ಕೊಚ್ಚಿಕೊಂಡು ಹೋದ್ರಂತೆ,” ಎಂದರು ಗುಂಪಿನಲ್ಲಿದ್ದ ಈಶ್ವರಮ್ಮ.

“ಯಾವುದರಲ್ಲಿ?”

ಎಲ್ಲರೂ ರಸ್ತೆ ನೋಡಿದರು. ಒಣ ರಸ್ತೆ. ರಶ್ಮಿ ಮೇಡಂ ಟೊಪ್ಪಿ ಸರಿಮಾಡಿಕೊಂಡು ಹೇಳಿದರು. “ಮಳೆಗಾಲದಲ್ಲಿ ಸುಳ್ಳು ಸೈರನ್. ಅದರ ಮೇಲೆ ಒಬ್ಬ ಅಧಿಕಾರಿ ನಾಪತ್ತೆ. ಏಕಾಂತಪ್ಪನೋರೆ, ನಡೀರಿ ಜೀಪ್ ಹತ್ರ.”

ಅಷ್ಟರಲ್ಲಿ ಯೋಗರಾಜ್ ಕೂಗಿದ. “ಮೇಡಂ, ನಾನು ಶಟರ್ ಎಳೆದೇ ಇಲ್ಲ. ಗಲ್ಲಾ ತೆರೆದೇ ಇತ್ತು. ಯಾರೋ ಒಳಗೆ ಕೈ ಹಾಕಿ ಆಮೇಲೆ ಎಳೆದಿರ್ಬೇಕು.”

“ಇಲ್ಲಿ ಉಳಿದಿದ್ದು ಯಾರು?”

ಅಷ್ಟೂ ಬೆರಳುಗಳು ಚಿನ್ನಮ್ಮನ ಕಡೆ ತಿರುಗಿದವು. “ನಾನು ಆವತ್ತೇ ಹೇಳಿದ್ದೆ,” ಎಂದರು ಭೈರಪ್ಪ. “ಗಾಡಿ ಇರೋವರೆಗೂ ನಮಗೆ ನೆಮ್ಮದಿ ಇಲ್ಲ.”

ಚಿನ್ನಮ್ಮ ಸಟ್ಟುಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ನೀನು ಯಾಕೆ ಓಡ್ಲಿಲ್ಲ?” ಎಂದು ಕೇಳಿದರು ಮೇಡಂ.

“ಯಾಕೆ ಓಡ್ಬೇಕು? ಅದು ನಮ್ ಎರಡನೇ ಗೇಟಿನ ಸೈರನ್ನು. ಮದುವೆಯಾದಾಗ್ನಿಂದ ಕೇಳೀನಿ,” ಎಂದಳು. “ಸೈರನ್ ಆದ್ರೆ ಕೆಲಸ ಮುಗೀತು ಅಂತ. ಗ್ಯಾಸ್ ಆರಿಸ್ದೆ.”

“ಬೇರೆಯವರ ಅಂಗಡಿಗೆ ಯಾಕೆ ಹೋದೆ?”

ಉತ್ತರ ಕೊಟ್ಟವನು ಹುಲಿಯಪ್ಪ. “ನಾನು ಕರ್ಕೊಂಡು ಹೋದೆ. ಸೈರನ್ ಆದ್ಮೇಲೆ ಬೆಂಕಿ ಬಿಟ್ಟು ಹೋದ್ರೆ ನಮ್ಮಲ್ಲಿ ಸಸ್ಪೆನ್ಷನ್. ಇಲ್ಲಿ ನೋಡಿದ್ರೆ ಬೇಕರಿ ಒಲೆ ಉರೀತೈತೆ, ಇಸ್ತ್ರಿ ಪೆಟ್ಟಿಗೆ ಬಟ್ಟೆ ಮೇಲೇ ಕೂತೈತೆ. ಎಲ್ಲ ಆರಿಸಿ ಗೇಟ್ ಎಳೆದು ಚಿಲಕ ಹಾಕಿದ್ವಿ. ಅಂಗಿ ಗುಂಡಿನೂ ಸರಿಯಾಗಿ ಹಾಕ್ಕೊಂಡೆ.”

“ಶಟರ್ ಎಳೆದ್ಮೇಲೆ ಬೇಕರಿ ಒಳಗಿಂದ ಯಾರೋ ಬಡೀತಿದ್ರಲ್ಲ?” ಎಂದಳು ಚಿನ್ನಮ್ಮ ಮೆಲ್ಲಗೆ.

“ಸೈರನ್ ಸದ್ದಲ್ಲಿ ನಂಗೇನೂ ಕೇಳ್ಲಿಲ್ಲ. ಶಿಫ್ಟ್ ಮುಗಿದ್ಮೇಲೂ ಒಳಗಿದ್ರೆ ಅದು ಓವರ್‌ಟೈಮು.”

ಯೋಗರಾಜ್ ಶಟರ್ ಎತ್ತಿದ.

ಕೌಂಟರಿನ ಮೇಲೆ, ನೀರು ಬಂದರೂ ಮುಟ್ಟದಷ್ಟು ಎತ್ತರದಲ್ಲಿ, ಕಾಲು ಮಡಚಿ ದುಶ್ಯಂತ್ ಕೂತಿದ್ದರು. ತೊಡೆಯ ಮೇಲೆ ಯೋಗರಾಜನ ಗಲ್ಲಾಪೆಟ್ಟಿಗೆ ಭದ್ರವಾಗಿತ್ತು. ಮೀಸೆಯ ಮೇಲೆ ಕೆನೆ, ಮೊದಲು ಕೌಂಟರಿನ ಕೆಳಗೆ ಅವಿತಿದ್ದುದಕ್ಕೆ ಸಾಕ್ಷಿಯಾಗಿ ಮಂಡಿಯ ಮೇಲೆ ಮೈದಾ. ತಾವೇ ಊದಿಸಿದ ಸೈರನ್ನಿಗೆ ತಾವೇ ಹೆದರಿ ಓಡಿದ ಅಧಿಕಾರಿಯನ್ನು ಜನ ನಗು ತಡೆದುಕೊಂಡು ನೋಡಿದರು.

“ನಾನು,” ಎಂದರು ದುಶ್ಯಂತ್, “ಒಳಗಿನಿಂದ ವೀಕ್ಷಣೆ ಮಾಡ್ತಿದ್ದೆ.”

ನಾನು ಅವರ ಕೈಗೆ ಫೋನು ಕೊಟ್ಟೆ. “ಮನೆಗೆ ಮಾಡಿ ಸಾರ್,” ಎಂದೆ.

“ವೀಕ್ಷಣೆಯಲ್ಲಿ ಏನು ಕಾಣಿಸ್ತು?” ಎಂದರು ರಶ್ಮಿ ಮೇಡಂ. “ಸುಳ್ಳು ಸೈರನ್ ಅಂತ ಬರ್ಕೊಳ್ಳಲಾ, ಪಾಲಿಕೆ ಪ್ರಯೋಗ ಅಂತ ಬರ್ಕೊಳ್ಳಲಾ? ಮೊದಲನೆಯದಾದ್ರೆ ಎಲ್ಲರ ಹೇಳಿಕೆ ಬೇಕಾಗುತ್ತೆ. ಯಾರು ಎಲ್ಲಿದ್ರು, ಏನು ಮಾಡ್ತಿದ್ರು, ಎಲ್ಲ.”

ದುಶ್ಯಂತ್ ಮೀಸೆ ಒರೆಸಿಕೊಂಡರು. “ಪ್ರಯೋಗ ಮೇಡಂ. ಪಾಲಿಕೆಯದೇ ಪ್ರಯೋಗ.”

ಯಜಮಾನರ ಹೆಬ್ಬೆರಳು ಕೆಳಗಿಳಿಯಿತು. ಆದರೆ ಚಿನ್ನಮ್ಮ ಕದಲಲಿಲ್ಲ.

“ಸೈರನ್ ಆದ್ಮೇಲೆ ಎಷ್ಟು ಅಂಗಡಿ ತೆರೆದಿತ್ತು ಸಾರ್?”

ಅವರು ಬೇಕರಿಯಿಂದ ಹೊರಬಂದು ಸಾಲಿನುದ್ದಕ್ಕೂ ನೋಡಿದರು. ಹೇಳದೆ ವಿಧಿಯಿರಲಿಲ್ಲ. “ಒಂದೂ ಇರ್ಲಿಲ್ಲ.”

“ಹಾಗಾದ್ರೆ ಗಾಡಿ?”

ಅಭ್ಯಾಸದಂತೆ ಅಂಗೈಗಳನ್ನು ಎತ್ತಲು ಹೋದರು. ಒಂದರಲ್ಲಿ ಗಲ್ಲಾಪೆಟ್ಟಿಗೆ, ಇನ್ನೊಂದರಲ್ಲಿ ಫೋನು. ಯೋಗರಾಜ್ ಪೆಟ್ಟಿಗೆ ತೆಗೆದುಕೊಂಡು ತೆರೆದು ನೋಡಿದ. ಇದ್ದದ್ದೆಲ್ಲ ಇದ್ದ ಹಾಗೇ ಇತ್ತು. ಆರಿದ ಒಲೆಯ ಕಡೆಗೊಮ್ಮೆ ನೋಡಿ, “ಗಾಡಿ ಇರ್ಲಿ ಸಾರ್,” ಎಂದ. ಭೈರಪ್ಪನವರು ಏನೋ ಹೇಳಲು ಬಾಯಿ ತೆರೆದವರು, ನಮ್ಮ ಅತ್ತೆ ತಾರಸಿಯ ಮೇಲಿಂದ “ಇಳಿಸ್ರೋ ನನ್ನ” ಎಂದು ಕೂಗಿದ್ದರಿಂದ ಆ ಕಡೆ ಓಡಿದರು.

“ಇರ್ಲಿ,” ಎಂದರು ದುಶ್ಯಂತ್.

*

ಸೈರನ್ ಜಪ್ತಿಯಾಗಿ ಪೊಲೀಸ್ ಠಾಣೆಯ ಹಿತ್ತಲಿನಲ್ಲಿದೆ. ಯಜಮಾನರು ಆಗಾಗ ಆ ದಾರಿಯಲ್ಲಿ ವಾಕಿಂಗ್ ಹೋಗುತ್ತಾರೆ. ಭದ್ರಾವತಿಗೆ ಹೋದರೆ ಮಾತ್ರ ತಲೆ ತಗ್ಗಿಸಿ ನಡೆಯುತ್ತಾರೆ. ಮತ್ತೆ ಯಾವಾಗ ಒತ್ತುತ್ತೀರಿ ಎಂದು ಅಲ್ಲಿ ಈಗಲೂ ಕೇಳುವವರಿದ್ದಾರೆ.

ಹುಲಿಯಪ್ಪ ಈಗ ಹೆಂಡತಿಯ ಜೊತೆ ದಿನವೂ ಬರುತ್ತಾನೆ. ಗಾಡಿ ನೋಡಿಕೊಳ್ಳಲು ಎಂದರೆ ಒಪ್ಪುವುದಿಲ್ಲ, ಎರಡನೇ ಶಿಫ್ಟು ಎನ್ನುತ್ತಾನೆ. ಹತ್ತು ಗಂಟೆಗೆ ಸಟ್ಟುಗ ತೆಗೆದುಕೊಂಡು ಬಿಸಿ ಕಾವಲಿಯ ಮೇಲೆ ಟಣ್ ಟಣ್ ಎಂದು ಬಾರಿಸುತ್ತಾನೆ. ಆಮೇಲೆ ಗಂಡ ಹೆಂಡತಿ ಸಾಲಿನುದ್ದಕ್ಕೂ ನಡೆದು ಒಲೆಗಳನ್ನು ನೋಡಿ ಬರುತ್ತಾರೆ. ಹತ್ತಕ್ಕೆ ಮುಚ್ಚಬೇಕೆಂದು ಪಾಲಿಕೆ ಮಾಡಿದ ಹೊಸ ನಿಯಮದಲ್ಲಿ ಅದು ಅವರ ಕೆಲಸ, ರಸ್ತೆಯಲ್ಲಿ ಕೊನೆಗೆ ಮುಚ್ಚಬೇಕಾದದ್ದು ಗಾಡಿಯೇ. ಈಶ್ವರಮ್ಮನವರು ರಾತ್ರಿ ಆ ಕಡೆಯಿಂದ ಬರುವಾಗ ಕುತ್ತಿಗೆಗೆ ಕೈ ಅಡ್ಡ ಹಿಡಿಯುವುದನ್ನು ಬಿಟ್ಟಿದ್ದಾರೆ.

ಯಜಮಾನರು ನಮ್ಮ ಜಗಲಿಯಲ್ಲಿ ಕೂತು ಕೈಗಡಿಯಾರ ನೋಡಿ, “ಇವತ್ತು ಸ್ವಲ್ಪ ಮೊದಲೇ ಹೊಡೆದ,” ಎನ್ನುತ್ತಾರೆ. ನಾನು ಎದ್ದು ಒಳಗೆ ಹೋಗಿ ನಮ್ಮ ಗ್ಯಾಸು ಇನ್ನೊಮ್ಮೆ ನೋಡಿ ಬರುತ್ತೇನೆ.

ದುಶ್ಯಂತ್ ಅವರು ನಿಯಮ ಪಾಲನೆಯಾಗುತ್ತಿದೆಯೇ ಎಂದು ಪರಿಶೀಲಿಸಲು ವಾರಕ್ಕೊಮ್ಮೆಯಾದರೂ ಬೇಗ ಮಲಗುವುದನ್ನು ಬಿಟ್ಟು ಬರುತ್ತಾರೆ, ಬೇಕರಿಯೊಳಗೆ ಕೂತು ವೀಕ್ಷಣೆ ನಡೆಸುತ್ತಾರೆ. ಕಾವಲಿಯ ಮೊದಲ ಟಣ್ ಕೇಳಿಸಿದೊಡನೆ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು, ಆ ಇಡೀ ರಸ್ತೆಯಲ್ಲಿ ಎಲ್ಲರಿಗಿಂತ ಮೊದಲು ಹೊರಗೆ ಬಂದು ನಿಲ್ಲುವವರು ಅವರೇ.